ಸಂಘದಕ್ಕನ ಮೇಲೆ ದೂರು ಹೇಳಿದ ಊರು

ಆ ಊರಿನವರು ಸಂಘದಕ್ಕನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡಿದ್ದರೂ ನನ್ನ ಕೆಲಸ ಆ ಮಧ್ಯಾಹ್ನವೇ ಮುಗಿದು, ಸಂಜೆಯ ಹೊತ್ತಿಗೆ ನಾನು ಕೊಳ್ಳೇಗಾಲದ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿದ್ದೆ. ಯಾರೂ ಆಡಲಿಲ್ಲ. ಅವಳ ಕೈಯಲ್ಲಿ ಉಂಡವರು, ಅವಳಿಗೆ ಉಣ್ಣಿಸಿದವರು, ಅವಳು ಒಂದು ವಾರ ಕಾಣದಿದ್ದರೆ ನನಗೆ ಫೋನು ಮಾಡಿ ಪೀಡಿಸುವವರು, ಎಲ್ಲರೂ ಸಾಲಾಗಿ ಕೂತು ಅವಳನ್ನು ದೂರಿದರು. ಅದನ್ನೆಲ್ಲ ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಿದ್ದವಳು ನಾನು.

ಇದೆಲ್ಲ ಒಂದು ಫೆಲೋಶಿಪ್ಪಿಗಾಗಿ, ಮೊದಲು ಅದು ಏನು ಅಂತ ಹೇಳಿಬಿಡುತ್ತೇನೆ. ಸಮಾಜದಲ್ಲಿ ಮೇಲುಕೀಳು ಕಡಿಮೆ ಮಾಡುವುದಕ್ಕೆ ಹತ್ತು ಹದಿನೈದು ವರ್ಷ ದುಡಿದವರನ್ನು ಹುಡುಕಿ, ಒಂದು ವರ್ಷ ದೂರದ ವಿಶ್ವವಿದ್ಯಾಲಯದಲ್ಲಿ ಓದಲು ಕಳಿಸಿ, ವಾಪಸ್ ಬಂದ ಮೇಲೆ ಅವರ ಕೆಲಸಕ್ಕೂ ಕೆಲವು ವರ್ಷ ಸಂಬಳ ಕೊಡುವ ಏರ್ಪಾಡು. ಆಗತಾನೇ ಹುರುಪಿನಿಂದ ಶುರುಮಾಡಿದವರಿಗೆ ಇದು ಸಿಗುವುದಿಲ್ಲ. ಹಾರ ಹಾಕಿಸಿಕೊಂಡು ವೇದಿಕೆ ಮೇಲೆ ಕೂರುವ ಹಿರಿಯರಿಗೂ ಸಿಗುವುದಿಲ್ಲ. ದಾರಿಯ ನಡುವೆ ಇರುವವರಿಗೆ, ಸುಸ್ತು ಶುರುವಾಗಿರುವವರಿಗೆ ಮಾತ್ರ. ನಮ್ಮಮ್ಮ ಮಗ್ಗದ ಮುಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡು, "ಕೆಲ್ಸ ಮಾಡೋರ್ಗೆ ಕೆಲ್ಸ ಬುಟ್ಟು ಓದ್ಕಳಿ ಅಂತ ದುಡ್ ಕೊಡ್ತಾರಾ? ಯಾರವ್ವ ಆ ಪುಣ್ಯಾತ್ಮರು?" ಅಂದಿದ್ದಳು.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೆ ಆ ಪುಣ್ಯಾತ್ಮರ ಸ್ಥಳೀಯ ವ್ಯವಸ್ಥೆ ನೋಡಿಕೊಳ್ಳುವವಳು ನಾನು. ಯಾರಾದರೂ ಹೆಸರು ಸೂಚಿಸಿದರೆ ಅವರನ್ನು ಕಂಡು ಮಾತಾಡಿಸುವುದು, ಉತ್ತರಗಳನ್ನು ಇಂಗ್ಲಿಷಿಗೆ ತರುವುದು, ಕೊನೆಗೆ ಆಯ್ಕೆ ಸಮಿತಿಯವರು ಬಂದಾಗ ಊರಿಗೆ ಕರೆದುಕೊಂಡು ಹೋಗಿ ದುಭಾಷಿಯಾಗಿ ನಿಲ್ಲುವುದು. ನಿಯಮ ಒಂದೇ. ಸಮಿತಿಯವರ ಮುಂದೆ ನನ್ನ ಅಭಿಪ್ರಾಯ ಅನ್ನುವುದು ಇರಬಾರದು. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಸಂಘದಕ್ಕನ ಊರು ಮಾರ್ಟಳ್ಳಿ ದಾಟಿದ ಮೇಲೆ ಕಾಡಂಚಿನಲ್ಲಿದೆ. ಅರ್ಧ ಊರು ಕನ್ನಡ, ಇನ್ನರ್ಧ ತಮಿಳು, ಜಗಳ ಮಾತ್ರ ಎರಡರಲ್ಲೂ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ನಲವತ್ತು ದಾಟಿದ ಈ ಹೆಂಗಸು ಆ ಊರಲ್ಲೂ ಸುತ್ತಲಿನ ಊರುಗಳಲ್ಲೂ ಒಂಟಿ ಹೆಂಗಸರ ಸಂಘ ಕಟ್ಟಿದ್ದಳು. ಗಂಡ ತೀರಿಕೊಂಡವರು, ಗಂಡ ಕೆಲಸಕ್ಕೆಂದು ಗಡಿಯಾಚೆ ಹೋದವನು ತಿರುಗಿ ಬರದೆ ಉಳಿದವರು, ಮದುವೆಯೇ ಆಗದವರು. ಇವರಿಗೆ ಅವರವರ ಹೆಸರಿನಲ್ಲೇ ರೇಷನ್ ಕಾರ್ಡು, ಅವರ ಪಾಲಿನ ಹೊಲಕ್ಕೆ ಅವರದ್ದೇ ಹೆಸರಿನ ಪಹಣಿ, ಕಳೆ ಕೀಳುವಾಗ ಗಂಡಾಳಿಗೆ ಎಷ್ಟೋ ಹೆಣ್ಣಾಳಿಗೂ ಅಷ್ಟೇ ಕೂಲಿ. ಈ ಮೂರಕ್ಕೆ ಅವಳು ಹದಿನೈದು ವರ್ಷ ಚಪ್ಪಲಿ ಸವೆಸಿದ್ದಳು. ಎಲ್ಲರಿಗೂ ಅವಳು ಸಂಘದಕ್ಕ. ಅವಳ ನಿಜವಾದ ಹೆಸರು ಕೇಳಿದರೆ ಊರಿನವರು ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಅವಳಿಗೆ ಸಂಬಳ ಕೊಡುತ್ತಿದ್ದ ಸಂಸ್ಥೆ ಎರಡು ವರ್ಷದ ಹಿಂದೆ ಯೋಜನೆ ಮುಗಿಯಿತು ಅಂತ ಬಾಗಿಲು ಹಾಕಿತ್ತು. ಸಂಬಳ ನಿಂತಿತು, ಇವಳು ನಿಲ್ಲಲಿಲ್ಲ. ಒಂದು ದಿನ ಹನೂರಿನಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದಾಗ ನನಗೆ ಹೇಳಿದಳು.

"ಈ ಸಲ ಇದಾಗ್ದಿದ್ರೆ ಯುಗಾದಿ ಕಳುದ್ಮೇಲೆ ಗಾರ್ಮೆಂಟ್ಸ್‌ಗೆ ಸೇರ್ಕತೀನಿ ಅಕ್ಕಾ. ಸೂಪರ್‌ವೈಸರ್ ಕೆಲ್ಸ ಕೊಡ್ತೀವಿ ಅಂದವ್ರೆ. ಮಗ್ಳ ಕಾಲೇಜು ಅದೆ. ಇನ್ ಎಷ್ಟ್ ದಿನ ಇಂಗೇ ತಳ್ಳೋದು?"

"ಊರಲ್ಲಿ ಗೊತ್ತಾ?"

"ಅಯ್ಯೋ, ಯೋಳ್ಬ್ಯಾಡಿ. ಸಂಬ್ಳ ಇಲ್ಲ ಅಂತ ಗೊತ್ತಾದ್ರೆ ಆ ಎಂಗಸ್ರು ತಲಾ ಇಷ್ಟು ಅಂತ ಎತ್ತಿ ತಂದು ಕೈಗಿಡ್ತಾರೆ. ಅವ್ರತ್ರ ಈಸ್ಕಂಡು ನಾನ್ ಅನ್ನ ಉಣ್ಣಾಕಾದದಾ? ನನ್ ಮ್ಯಾಲೆ ಆಣೆ ಮಾಡಿ ಅಕ್ಕಾ."

ಆಣೆ ಮಾಡಿದೆ. ನನಗೆ ಈ ಹೆಂಗಸಿನ ಮೇಲೆ ಇರುವ ಪ್ರೀತಿಗೆ ಅವಳು ಕೇಳಿದ್ದರೆ ಇನ್ನೂ ನಾಲ್ಕು ಆಣೆ ಮಾಡುತ್ತಿದ್ದೆ.

ಅರ್ಜಿಯ ಕೆಲಸಕ್ಕೆ ನಾವಿಬ್ಬರೂ ಭಾನುವಾರಗಳನ್ನು ಕೊಟ್ಟೆವು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಕನ್ನಡಕ್ಕೆ ತಂದರೆ ಇನ್ನೂ ಗಟ್ಟಿಯಾಗುತ್ತಿದ್ದವು. "ನಿಮ್ಮ ನಾಯಕತ್ವದ ಶೈಲಿ ಯಾವುದು?" ಅಂತ ಓದಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಶೈಲಿ ಗಿಯ್ಲಿ ಏನಿಲ್ಲ, ನಡ್ಕಂಡೋಯ್ತೀನಿ" ಅಂದಳು. ಅದನ್ನೇ ಬರೆದೆ, "ಪ್ರತಿ ಮನೆಗೂ ನಡೆದು ಹೋಗಿ ಮಾತಾಡುವುದು" ಅಂತ. ಎರಡು ನಿಮಿಷದ ವಿಡಿಯೋ ಕೇಳಿದ್ದರು. ಊರಲ್ಲಿ ವಿಡಿಯೋ ಕಳಿಸುವಷ್ಟು ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕದ ಬಂಡೆಯ ಮೇಲೆ ಮಾತ್ರ. ಆ ಬಂಡೆ ಆಡುಗಳಿಗೂ ಇಷ್ಟ. ನಾಲ್ಕನೆಯ ಸಲ ತೆಗೆದದ್ದರಲ್ಲಿ ಒಂದು ಆಡು ಮಾತ್ರ ಇತ್ತು, ಅದೂ ಸುಮ್ಮನೆ ನಿಂತಿತ್ತು, ಅದನ್ನೇ ಕಳಿಸಿದೆವು.

ಆನ್‌ಲೈನ್ ಸಂದರ್ಶನ ಅವಳು ಯಳಂದೂರಿನ ಹೆಂಗಸರಿಗೆ ಕೂಲಿಯ ವಿಷಯ ಹೇಳಿಕೊಡಲು ಹೋಗಿದ್ದ ದಿನವೇ ಬಂತು. ಅಲ್ಲೇ ಒಂದು ಶಾಲೆಯ ಕಂಪ್ಯೂಟರ್ ಕೋಣೆ ಕೇಳಿ ಪಡೆದೆ. ಮಧ್ಯದಲ್ಲಿ ಕರೆಂಟು ಹೋಯಿತು. ಉಳಿದದ್ದನ್ನು ನನ್ನ ಮೊಬೈಲಿನಲ್ಲಿ ಮುಗಿಸಿದೆವು, ನಾನು ಎರಡೂ ಕೈಯಲ್ಲಿ ಅದನ್ನು ಅವಳ ಮುಖದ ಮುಂದೆ ಹಿಡಿದು ನಿಂತಿದ್ದೆ. ತೋಳು ಸೆಟೆದುಕೊಂಡಿತು. ಯಾಕೆ ಓದಬೇಕು ಅಂತ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ತಿರುಗಿಸಿ ಹೇಳುವಾಗ ಮಾತ್ರ ತೋಳಿನ ನೋವು ಮರೆತಿದ್ದೆ. "ಬ್ಯಾರೆ ಬ್ಯಾರೆ ದೇಸ್ದಲ್ಲಿ ಎಣ್ಮಕ್ಳು ಎಸ್ರಿಗೆ ಭೂಮಿ ಎಂಗಾಯ್ತು ಅಂತ ನೋಡ್ಬೇಕು. ನಾನು ಒಂದೊಂದೇ ಪಹಣಿ ಮಾಡಿಸ್ತಾ ಕುಂತ್ರೆ ನನ್ ಆಯಸ್ಸು ಸಾಲಕಿಲ್ಲ" ಅಂದಿದ್ದಳು.

ಕೊನೆಯ ಹಂತಕ್ಕೆ ಅವಳ ಹೆಸರು ಬಂತು. ಉಳಿದಿದ್ದು ಊರಿನ ಭೇಟಿ ಒಂದೇ. ಅಭ್ಯರ್ಥಿ ಆ ದಿನ ಊರಲ್ಲಿ ಇರಕೂಡದು, ಜನ ಮುಲಾಜಿಲ್ಲದೆ ಮಾತಾಡಬೇಕು, ಅವರು ಹೇಳಿದ್ದು ಹೇಳಿದ ಹಾಗೆ ಸಮಿತಿಗೆ ಹೋಗಬೇಕು. ಜನರಿಗೆ ಮೊದಲೇ ಪಾಠ ಹೇಳಿಕೊಡುವ ಹಾಗಿಲ್ಲ. ಹಾಗಾಗಿ ಸಂಘದ ಅಧ್ಯಕ್ಷೆಗೆ ಫೋನು ಮಾಡಿ ನಾನು ಹೇಳಿದ್ದು ಇಷ್ಟೇ. ದೊಡ್ಡವರೊಬ್ಬರು ಬರುತ್ತಾರೆ, ಸಂಘದಕ್ಕನ ಬಗ್ಗೆ ಕೇಳುತ್ತಾರೆ, ಎಲ್ಲ ಸರಿಹೋದರೆ ಅವಳಿಗೆ ಒಂದು ದೊಡ್ಡ ಅವಕಾಶ ಸಿಗುತ್ತದೆ. ಅಧ್ಯಕ್ಷೆ ಅಂದರೆ ಎಪ್ಪತ್ತು ದಾಟಿದ ಅಜ್ಜಿ. ನಾನು ಅವರನ್ನು ಅಧ್ಯಕ್ಷಜ್ಜಿ ಅಂತಲೇ ಕರೆಯುವುದು. ಆ ಕಡೆಯಿಂದ ಬಹಳ ಹೊತ್ತು ಮಾತಿರಲಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಆಮೇಲೆ, "ಆಗ್ಲಿ ಬುಡವ್ವ, ಕರ್ಕಂಬಾ" ಅಂದರು.

ಸಮಿತಿಯಿಂದ ಬಂದವರು ಅರವತ್ತು ದಾಟಿದ ಹಿರಿಯಾಕೆ. ಉತ್ತರದ ಕಡೆಯವರು, ಕನ್ನಡ ಒಂದಕ್ಷರ ಬಾರದು. ಮಂಡಿ ನೋವಿದ್ದರೂ ಬಂಡೆಯ ತನಕ ಹತ್ತಿ, ವಿಡಿಯೋ ತೆಗೆದದ್ದು ಇಲ್ಲೇನಾ ಅಂತ ನೋಡಿ ಬಂದರು. ಒಳ್ಳೆಯ ಹೆಂಗಸು. ಸಂಘದವರು ಹಳೆಯ ರೇಷನ್ ಡಿಪೋ ಕೋಣೆಗೆ ಸುಣ್ಣ ಬಳಿದು, ಚಾಪೆ ಹಾಸಿ ಕೂತಿದ್ದರು. ಎಳನೀರು ಕೊಟ್ಟರು. ಪಕ್ಕದಲ್ಲಿ ಹುರುಳಿಕಾಳಿನ ಸಾರು ಕುದಿಯುವ ವಾಸನೆ ಬರುತ್ತಿತ್ತು. ಇಷ್ಟು ಚೆನ್ನಾಗಿ ಶುರುವಾದದ್ದು ಎಲ್ಲಿ ಕೆಡುತ್ತದೆ ಅಂತ ನಾನು ನಿಶ್ಚಿಂತೆಯಿಂದ ಸೆರಗು ಸಿಕ್ಕಿಸಿಕೊಂಡು ಕೂತೆ.

"ಸಂಘದಕ್ಕ ನಿಮಗೆ ಎಷ್ಟು ವರ್ಷದಿಂದ ಪರಿಚಯ?" ಮೊದಲ ಪ್ರಶ್ನೆ.

"ಯಾರು, ಅವಳಾ?" ಅಂದರು ಅಧ್ಯಕ್ಷಜ್ಜಿ. "ಅಂತಾ ಪರಿಚಯ ಏನಿಲ್ಲ ಕಣವ್ವ. ಬತ್ತಾಳೆ, ಓಯ್ತಾಳೆ."

ನಾನು ತಬ್ಬಿಬ್ಬಾದೆ. ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. ತಿರುಗಿಸಿ ಹೇಳಿದೆ. ಹಿರಿಯಾಕೆ ಬರೆದುಕೊಂಡರು.

ಅವಳಿಂದ ನಿಮಗೆ ಏನು ಉಪಯೋಗವಾಯಿತು ಅಂತ ಮುಂದಿನ ಪ್ರಶ್ನೆ. ಗಂಡ ತೀರಿಕೊಂಡ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ಹೊಲದ ಪಹಣಿಗಾಗಿ ಸಂಘದಕ್ಕ ಹನೂರಿನ ತಾಲ್ಲೂಕು ಆಫೀಸಿಗೆ ಅಲೆದದ್ದು ನನಗೆ ಚೆನ್ನಾಗಿ ಗೊತ್ತು. "ಉಪ್ಯೋಗ ಏನ್ ಬಂತು? ಅರ್ಜಿ ಆಕ್ಸುದ್ಲು, ಒಲ ನನ್ ಎಸ್ರಿಗಾಯ್ತು. ಈಗ ನಮ್ ಭಾವ ಮಾತಾಡ್ಸಕಿಲ್ಲ, ಅಬ್ಬಕ್ಕೆ ಕರಿಯಕಿಲ್ಲ. ಎಲ್ಲ ಅವಳಿಂದ್ಲೇ ಆಗಿದ್ದು."

ಬಾಗಿಲ ಹತ್ತಿರ ನಿಂತಿದ್ದ ಟೀ ಅಂಗಡಿಯವನು, ಅವನಿಗೂ ಸ್ವಲ್ಪ ಜಮೀನಿದೆ, ಕೈ ಎತ್ತಿದ. "ನಮ್ ಎಂಗಸ್ರುನ್ನ ಕೆಡ್ಸಾಕ್‌ಬುಟ್ಳು ಕಣ್ರಿ. ಮದ್ಲು ಅರ್ಧ ಕೂಲಿಗೆ ಕಳೆ ಕೀಳಾಕೆ ಬರೋರು. ಈಗ ಗಂಡಾಳಿಗ್ ಕೊಟ್ಟಷ್ಟೇ ಕೊಡೋತಂಕ ಬದಿನ್ ಮ್ಯಾಲೆ ಕುಂತ್ಕತಾರೆ. ನಾನೂ ಕೊಟ್ಟೆ. ಏನ್ ಮಾಡನೆ?"

"ಬಾಯಿ ಬಲು ಜೋರು," ಅಂದಳು ಇನ್ನೊಬ್ಬಳು. "ಆಪೀಸರ್ ಆಗ್ಲಿ, ಯಾರೇ ಆಗ್ಲಿ, ಎದೂರ್ಗೇ ಮಾತಾಡ್ಬುಡ್ತಾಳೆ. ಮರ್ವಾದೆ ಇಲ್ಲ."

ಹಿಂದೆ ಕೂತಿದ್ದ ತಮಿಳು ಮನೆಮಾತಿನ ಮುದುಕಿಯೊಬ್ಬಳಿಗೆ ಇದು ತಡೆಯಲಾಗಲಿಲ್ಲ ಅಂತ ಕಾಣುತ್ತದೆ. "ರೊಂಬ ನಲ್ಲವ..." ಅಂತ ಶುರುಮಾಡಿದಳು. ಬಹಳ ಒಳ್ಳೆಯವಳು ಅಂತ ಅರ್ಥ. ಪಕ್ಕದವಳು ಅವಳ ತೊಡೆ ಚಿವುಟಿದಳು. ಮುದುಕಿ ಗಪ್ಪಂತ ಬಾಯಿ ಮುಚ್ಚಿ, ಅರ್ಧ ಎಲೆಯಡಿಕೆ ಹಾಕಿಕೊಂಡು ಗೋಡೆ ನೋಡತೊಡಗಿದಳು. ಏನಂದರು ಅಂತ ಹಿರಿಯಾಕೆ ಕೇಳಿದರು. ಬಹಳ ಒಳ್ಳೆಯವಳು ಅಂದರು, ಆಮೇಲೆ ಸುಮ್ಮನಾದರು ಅಂತ ಹೇಳಿದೆ. ಯಾಕೆ ಸುಮ್ಮನಾದರು? ಮುದುಕಿಗೆ ಮತ್ತೆ ಕೇಳಿದೆ. ಅವಳು ಅಧ್ಯಕ್ಷಜ್ಜಿಯ ಮುಖ ನೋಡಿ, "ನಂಗೇನೂ ತೆರಿಯಾದು" ಅಂತ ಎರಡೂ ಭಾಷೆ ಸೇರಿಸಿ ಗೊತ್ತಿಲ್ಲ ಅಂದುಬಿಟ್ಟಳು.

ಹಿರಿಯಾಕೆ ಪೆನ್ನು ಕೆಳಗಿಟ್ಟರು. ಹಾಗಾದರೆ ಆಕೆ ಈ ಊರಲ್ಲಿ ಕೆಲಸ ಮುಂದುವರಿಸುವುದು ನಿಮಗೆ ಬೇಡವೇ ಅಂತ ನನ್ನಿಂದ ಕೇಳಿಸಿದರು. ಇಡೀ ಕೋಣೆ ಅಧ್ಯಕ್ಷಜ್ಜಿಯ ಕಡೆ ತಿರುಗಿತು. ಅಜ್ಜಿ ಸೆರಗು ಸರಿಮಾಡಿಕೊಂಡು ಬಹಳ ಉದಾರವಾಗಿ ಹೇಳಿದರು.

"ಇರ್ಲಿ ಬುಡವ್ವ. ಕೆಟ್ಟೋಳಾದ್ರೂ ನಮ್ಮೂರಲ್ಲೇ ಬಿದ್ದಿರ್ಲಿ. ನೀವ್ ಕರ್ಕಂಡೋಗಿ ನಿಮ್ಗ್ಯಾಕೆ ತೊಂದ್ರೆ?"

ಅದನ್ನೂ ತಿರುಗಿಸಿ ಹೇಳಿದೆ. ಎದೆಯಲ್ಲಿ ಒಂದೇ ಯೋಚನೆ. ಸಂಘದಕ್ಕನ ಫೆಲೋಶಿಪ್ ಹೋಯಿತು, ಯುಗಾದಿ ಕಳೆದರೆ ಅವಳು ಗಾರ್ಮೆಂಟ್ಸಿಗೆ ಸೇರುತ್ತಾಳೆ, ಈ ಹೆಂಗಸರು ಅದಕ್ಕೆ ತಮ್ಮ ಕೈಯಾರೆ ದಾರಿ ಮಾಡುತ್ತಿದ್ದಾರೆ.

ಊಟವಾದ ಮೇಲೆ ಹಿರಿಯಾಕೆ ಶಾಲೆ ನೋಡಲು ಹೊರಟರು. ಅಲ್ಲಿನ ಮೇಷ್ಟರಿಗೆ ಇಂಗ್ಲಿಷ್ ಬರುತ್ತಿತ್ತು, ನನಗೆ ಬಿಡುವು ಸಿಕ್ಕಿತು. ನೆಟ್ಟಗೆ ಅಧ್ಯಕ್ಷಜ್ಜಿಯ ಅಡುಗೆಮನೆಗೆ ನುಗ್ಗಿದೆ. ಅಜ್ಜಿ ಮುದ್ದೆಯ ಪಾತ್ರೆಗೆ ನೀರು ಹಾಕುತ್ತಿದ್ದರು.

"ಏನಜ್ಜಿ ಇದು? ಅವಳೇನು ಅನ್ಯಾಯ ಮಾಡಿದ್ದಳು ನಿಮಗೆ?"

"ಕುಂತ್ಕೊ ಮದ್ಲು. ಬೈಯ್ಯೋದಾದ್ರೂ ಕುಂತ್ಕಂಡ್ ಬಯ್ಯಿ."

ಕೂತೆ. ಅಜ್ಜಿ ಕೈ ಒರೆಸಿಕೊಂಡು ನನ್ನೆದುರು ಕೂತರು.

"ಒಬ್ಬ ನರ್ಸಮ್ಮ ಇದ್ಲು ಇಲ್ಲಿ, ನಿಂಗೆ ಗೊತ್ತಿಲ್ಲ. ನನ್ ಸೊಸೆ ಎರಿಗೇಲಿ ಉಳ್ದಿದ್ದು ಅವಳಿಂದ. ಒಂದಿನ ಮ್ಯಾಲ್ನೋರು ಬಂದ್ರು. ಎಂಗವ್ಳೆ ನಿಮ್ ನರ್ಸು ಅಂದ್ರು. ದ್ಯಾವ್ರಂತೋಳು ಸಾ ಅಂತ ಇಡೀ ಊರು ನಿಂತು ಒಗಳುದ್ವಿ. ಅಂಗಾ, ಅಂದ್ರು. ಬಡ್ತಿ ಕೊಟ್ಟು ವರ್ಗಾ ಮಾಡ್ಬುಟ್ರು. ಆಮೇಲೆ ಒಬ್ಬ ಮೇಷ್ಟ್ರು. ಮಕ್ಳು ಅಂದ್ರೆ ಪ್ರಾಣ. ಅಂವ್ನೂ ಒಗಳುದ್ವಿ, ಪ್ರಶಸ್ತಿ ಕೊಟ್ರು, ಮೈಸೂರ್ಗೆ ತಕಂಡೋದ್ರು. ರಾತ್ರಿ ಇಲ್ಲೇ ಅಲ್ಟ್ ಮಾಡ್ತಿದ್ದ ಕಂಡಕ್ಟ್ರು, ಬಸ್ರಿ ಎಂಗಸ್ರುನ್ನ ಮನೆ ಬಾಗ್ಲಲ್ಲಿ ಅತ್ಸ್ಕತಿದ್ದ. ಅವನ್ ಮ್ಯಾಲೆ ಒಂದ್ ಒಳ್ಳೆ ಕಾಗ್ದ ಬರ್ಸುದ್ವಿ, ಅವನ್ನೂ ಬ್ಯಾರೆ ರೂಟಿಗೆ ಆಕುದ್ರು. ಕೆಟ್ಟೋರ್ನ ಯಾರೂ ಮುಟ್ಟಕಿಲ್ಲ ಕಣವ್ವ. ಇಲ್ಲೇ ಬಿದ್ದಿರ್ತಾರೆ. ನಾವ್ ಒಳ್ಳೋರು ಅಂದೋರೆಲ್ಲ ಓದ್ರು."

"ಅದಕ್ಕೆ?"

"ಅದ್ಕೇ ಸಭೆ ಸೇರುದ್ವಿ. ಈ ಸಲ ಯಾರ್ ಬಾಯಲ್ಲೂ ಒಳ್ಳೇ ಮಾತು ಬರ್ಕೂಡ್ದು ಅಂತ ತೀರ್ಮಾನ ಮಾಡುದ್ವಿ. ಕೈ ಎತ್ಸಿ."

ಸಭೆ ಸೇರಿ ಕೈ ಎತ್ತಿಸಿ ತೀರ್ಮಾನ ಮಾಡುವುದನ್ನು ಅವರಿಗೆ ಕಲಿಸಿದವಳು ಸಂಘದಕ್ಕನೇ. ನನಗೆ ನಗು ಬಂತು, ನಗುತ್ತಾ ಇದ್ದಹಾಗೆಯೇ ಕಣ್ಣಲ್ಲಿ ನೀರು ಬಂತು. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

"ಅಜ್ಜೀ, ಇದು ವರ್ಗ ಅಲ್ಲ. ಓದಕ್ಕೆ ಕಳಿಸೋದು. ಆಮೇಲೆ ಇಲ್ಲೇ ಬಂದು ಕೆಲಸ ಮಾಡಬೇಕು ಅಂತ ಕರಾರಿದೆ."

"ಅಂಗಾರೆ ಓಗ್ಬೇಕು ತಾನೆ?"

ಸುಳ್ಳು ಹೇಳಬಹುದಿತ್ತು. "ಹೋಗಬೇಕು. ಒಂದು ವರ್ಷ."

"ವರ್ಸಕ್ಕೆ ಬತ್ತೀನಿ ಅಂತ್ಲೇ ಎಲ್ರೂ ಯೋಳಿ ಓಗಿದ್ದು," ಅಂದರು ಅಜ್ಜಿ, ಕೋಪವಿಲ್ಲದೆ.

ಆಗ ನನ್ನ ನಾಲಿಗೆಯ ತುದಿಯಲ್ಲಿ ಒಂದೇ ಒಂದು ಮಾತಿತ್ತು. ಅವಳಿಗೆ ಎರಡು ವರ್ಷದಿಂದ ಸಂಬಳವಿಲ್ಲ, ಇದು ಸಿಗದಿದ್ದರೂ ಅವಳು ಹೋಗುತ್ತಾಳೆ ಅಂತ ಅಂದುಬಿಟ್ಟಿದ್ದರೆ ಅಜ್ಜಿ ಅಲ್ಲೇ ಎದ್ದು ಹಿರಿಯಾಕೆಯ ಹತ್ತಿರ ಓಡುತ್ತಿದ್ದರು. ಕೆಲಸ ಸಲೀಸಾಗಿ ಮುಗಿಯುತ್ತಿತ್ತು. ಸಮಿತಿಯ ನಿಯಮ ಇದಕ್ಕೆ ಅಡ್ಡ ಬರುತ್ತಿರಲಿಲ್ಲ, ಅಜ್ಜಿ ಸಮಿತಿಯವರಲ್ಲ, ಜನರನ್ನು ಕೇಳಬೇಕಾದ್ದನ್ನು ಕೇಳಿಯೂ ಆಗಿತ್ತು. ಅಡ್ಡ ಬಂದದ್ದು ನಾನು ಮಾಡಿದ ಆಣೆ. ಸಂಘದಕ್ಕ ತನ್ನ ಮರ್ಯಾದೆಯನ್ನು ನನ್ನ ಕೈಯಲ್ಲಿ ಇಟ್ಟಿದ್ದಳು. ಅವಳಿಗೆ ಒಳ್ಳೆಯದಾಗಲಿ ಅಂತಲೇ ಆದರೂ ಅದನ್ನು ಅವಳ ಬೆನ್ನ ಹಿಂದೆ ಬಿಚ್ಚಿ ಹರಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ನುಂಗಿಕೊಂಡೆ. ಇಷ್ಟು ಕಷ್ಟಪಟ್ಟು ನಾನು ಯಾವ ಮಾತನ್ನೂ ನುಂಗಿಲ್ಲ.

ಅಜ್ಜಿಯೇ ಕೇಳಿದರು. "ಅವಳ್ಗೆ ಇಷ್ಟ ಅದಾ?"

"ಇದೆ ಅಜ್ಜಿ."

"ಬಾಯ್ಬುಟ್ಟು ಅಂದ್ಲಾ?"

"ಅಂದಳು. ಬೇರೆ ದೇಶದ ಹೆಣ್ಣುಮಕ್ಕಳಿಗೆ ಭೂಮಿ ಹೇಗೆ ಸಿಕ್ಕಿತು ಅಂತ ನೋಡಿಕೊಂಡು ಬರಬೇಕಂತೆ. ಒಂದೊಂದೇ ಪಹಣಿ ಮಾಡಿಸ್ತಾ ಕೂತರೆ ಆಯಸ್ಸು ಸಾಲಲ್ಲ ಅಂದಳು. ಅದನ್ನು ಹೇಳುವಾಗ ಅವಳ ಮುಖ ನೀವು ನೋಡಬೇಕಾಗಿತ್ತು."

ಅಜ್ಜಿ ಸ್ವಲ್ಪ ಹೊತ್ತು ಒಲೆಯ ಬೂದಿಯನ್ನು ಕಡ್ಡಿಯಲ್ಲಿ ಕೆದಕಿದರು. "ನಮ್ಗೇನ್ ಬೇಕು ಅಂತ ಅವಳು ದಿನಾ ಕೇಳೋಳು. ಅವಳ್ಗೇನ್ ಬೇಕು ಅಂತ ನಾವ್ ಒಂದಿನ ಕೇಳ್ಳಿಲ್ಲ ಕಣವ್ವ" ಅಂದರು. ಕಾರು ಹೊರಡುವಾಗ ಯಾರೂ ಹೊರಗೆ ಬಂದು ಕೈ ಬೀಸಲಿಲ್ಲ.

ದಾರಿಯಲ್ಲಿ ಹಿರಿಯಾಕೆ ತಾವು ಬರೆದುಕೊಂಡದ್ದನ್ನು ಇನ್ನೊಮ್ಮೆ ತಿರುವಿ ಹಾಕಿದರು. ಆಮೇಲೆ, ಇಷ್ಟು ವರ್ಷದಲ್ಲಿ ಎಷ್ಟೋ ಊರು ನೋಡಿದ್ದೇನೆ, ಒಬ್ಬರ ಬಗ್ಗೆ ಇಡೀ ಊರು ಹೀಗೆ ಒಂದೇ ದನಿಯಲ್ಲಿ ದೂರಿದ್ದು ಕೇಳಿಲ್ಲ ಅಂದರು. ನಾನು ಕಿಟಕಿಯ ಹೊರಗೆ ನೋಡಿದೆ. ಅವರು ಅಂದೇ ಬೆಂಗಳೂರಿಗೆ ಹೋಗಬೇಕಿತ್ತು. ನನಗೆ ಅಭಿಪ್ರಾಯ ಹೇಳುವ ಹಕ್ಕಿಲ್ಲ, ಸರಿ. ಊಟ, ವಸತಿ, ವಾಹನದ ವ್ಯವಸ್ಥೆ ಮಾತ್ರ ನನ್ನದೇ.

"ಇವತ್ತು ಹನೂರಿನಲ್ಲೇ ಉಳಿದು ನಾಳೆ ಬೆಳಿಗ್ಗೆ ಹೊರಡಿ," ಅಂದೆ. "ಕಾರಣ ಕೇಳಬೇಡಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ, ಮಂಡಿ ನೋಯುತ್ತಿದೆ, ಹೇಗೂ ಮಲಗಬೇಕು ಅಂದರು. ಇವರು ಒಳ್ಳೆಯ ಹೆಂಗಸು ಅಂತ ಆಗಲೇ ಹೇಳಿದ್ದೇನಲ್ಲ. ನಾಳೆ ಬೆಳಿಗ್ಗೆ ಏನಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಅಜ್ಜಿ ಬೂದಿ ಕೆದಕುತ್ತಾ ಕೂತ ರೀತಿ ನೋಡಿ ಒಂದು ಆಸೆ, ಅಷ್ಟೆ.

ಸಂಘದಕ್ಕ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಕಾದಿದ್ದಳು. "ಏನಂದ್ರು ಅಕ್ಕಾ?" ಅಂತ ಕೇಳಿದಳು. ಅಲ್ಲಿ ನಡೆದದ್ದನ್ನು ಅಭ್ಯರ್ಥಿಗೂ ಹೇಳುವ ಹಾಗಿಲ್ಲ. "ಬಂದವರು ಇವತ್ತು ಹನೂರಿನಲ್ಲೇ ಉಳೀತಾರೆ. ಊರಲ್ಲಿ ಹುರುಳಿಕಾಳು ಸಾರು ಮಾಡಿದ್ದರು" ಅಂದೆ. ಅವಳ ಮುಖ ಅರಳಿತು. "ಉಳ್ಳಿಕಾಳ್ ಸಾರಾ? ಅಂಗಾರೆ ಚೆನ್ನಾಗೇ ಯೋಳಿರ್ತಾರೆ ಬುಡಿ" ಅಂತ ನಿರಾಳವಾಗಿ ನಕ್ಕು ಊರಿನ ಬಸ್ಸು ಹತ್ತಿದಳು. ಅವಳು ಹೋದ ಮೇಲೆ ನಾನು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತೆ. ಒಂದು ಟೀ ತರಿಸಿ ಅದನ್ನು ಕುಡಿಯಲೂ ಮರೆತೆ.

ಮರುದಿನ ಬೆಳಿಗ್ಗೆ ಹಿರಿಯಾಕೆ ತಿಂಡಿ ಮುಗಿಸಿ, ಬ್ಯಾಗು ಕಾರಿಗೆ ಇಡಿಸಿ, ಲಾಡ್ಜಿನ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ರಸ್ತೆ ನೋಡುತ್ತಿದ್ದೆ. ಮಾರ್ಟಳ್ಳಿ ಕಡೆಯ ಮೊದಲ ಬಸ್ಸು ಬಂದು ಬಹಳ ಹೊತ್ತಾಗಿತ್ತು. ಯಾರೂ ಬಂದಿರಲಿಲ್ಲ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಅಂತ ಡ್ರೈವರನ್ನು ಕರೆಯಲು ಎದ್ದೆ. ಆಗ ರಸ್ತೆಯ ತಿರುವಿನಲ್ಲಿ ಅಧ್ಯಕ್ಷಜ್ಜಿ ಕಂಡರು. ಹಿಂದೆ ಇಡೀ ಸಂಘ. ಎಲ್ಲರೂ ಮದುವೆಗೆ ಉಡುವ ಸೀರೆ ಉಟ್ಟಿದ್ದರು, ತಲೆಗೆ ಹೂವು ಮುಡಿದಿದ್ದರು. ಹಿರಿಯಾಕೆ ಇಲ್ಲೇ ಉಳಿದಿದ್ದಾರೆ ಅಂತ ಸಂಘದಕ್ಕನಿಂದ ತಿಳಿದು, ಯಾವ ಲಾಡ್ಜು ಅಂತ ಗೊತ್ತಿಲ್ಲದೆ ಹನೂರಿನ ಬೀದಿಗಳನ್ನೆಲ್ಲ ಸುತ್ತಿ ಬಂದಿದ್ದರು.

"ಎಲ್ಲಿ ಮಡಗಿದ್ದೀಯವ್ವ ಅವರ್ನ? ಊರೆಲ್ಲ ಉಡುಕುದ್ವಿ," ಅಂತ ಅಜ್ಜಿ ನನ್ನನ್ನೇ ಗದರಿದರು. ಜಗುಲಿ ಹತ್ತಿ ಹಿರಿಯಾಕೆಯ ಎದುರು ನಿಂತರು. ಕುರ್ಚಿ ಕೊಟ್ಟರೆ ಕೂರಲಿಲ್ಲ.

"ಬರ್ಕಳಾಕ್ ಯೋಳು," ಅಂದರು ನನಗೆ. "ನಿನ್ನೆ ನಾವ್ ಅಂದಿದ್ದೆಲ್ಲ ಸುಳ್ಳು. ಸಭೆ ಸೇರಿ ಆಡಿದ್ ಸುಳ್ಳು. ಅವಳ್ನ ನೀವ್ ಕರ್ಕಂಡೋಗ್ಬುಡ್ತೀರಿ ಅಂತ ಅಂಗಂದ್ವಿ."

ತಿರುಗಿಸಿ ಹೇಳಿದೆ. ಹಿರಿಯಾಕೆ ಪುಸ್ತಕ ತೆಗೆಯಲಿಲ್ಲ, ಅಜ್ಜಿಯ ಮುಖವನ್ನೇ ನೋಡಿದರು. ನೀವು ಹೇಳಿದ ದೂರುಗಳ ಒಳಗೇ ಅವಳ ಕೆಲಸ ನನಗೆ ಕಂಡಿತ್ತು, ಹೊಲ ಕಂಡಿತ್ತು, ಕೂಲಿ ಕಂಡಿತ್ತು. ಜನರಿಗೇ ಅವಳು ಬೇಡ ಅಂದಮೇಲೆ ಅವಳ ಪರವಾಗಿ ಏನು ಬರೆಯುವುದು ಅಂತ ತಿಳಿಯದೆ ಒದ್ದಾಡಿದೆ ಅಂದರು. ಇವತ್ತು ಯಾಕೆ ನಿಜ ಹೇಳುತ್ತಿದ್ದೀರಿ? ಒಪ್ಪಿದರೆ ಅವಳು ಹೋಗುತ್ತಾಳೆ ಅನ್ನುವುದೇನೂ ಬದಲಾಗಿಲ್ಲವಲ್ಲ?

ಅಜ್ಜಿ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನರ್ಸಮ್ಮನ್ನ ಗೊತ್ತಿಲ್ದೆ ಒಗಳುದ್ವಿ, ಕಳ್ಕಂಡ್ವಿ. ಇವಳ್ನ ಗೊತ್ತಿದ್ದೇ ಒಗಳ್ತೀವಿ. ಅವಳ್ಗೆ ಇಷ್ಟ ಅದಂತೆ ಕಣವ್ವ. ಕರ್ಕಂಡೋಗಿ."

ಇದನ್ನು ಇಂಗ್ಲಿಷಿಗೆ ತರಲು ನಾನು ಎರಡು ಸಲ ಶುರುಮಾಡಿದೆ, ಎರಡು ಸಲವೂ ಅರ್ಧಕ್ಕೇ ನಿಲ್ಲಿಸಿದೆ. ಮೂರನೆಯ ಸಲ ಹೇಳಿದೆ. ಹಿರಿಯಾಕೆ ಎದ್ದು ನಿಂತರು. ಆಮೇಲೆ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಹೇಳತೊಡಗಿದರು. ಭಾವ ಮಾತಾಡಿಸದ ಹೆಂಗಸು, "ಭಾವ ಮಾತಾಡ್ಸಕಿಲ್ಲ ಅಂದಿದ್ದು ದಿಟ. ಮಾತಾಡ್ದಿದ್ರೆ ಬುಡ್ಲಿ. ಒಲ ನಂದು" ಅಂದಳು. ಹಿಂದಿನ ದಿನ ಬಾಯಿ ಮುಚ್ಚಿಸಿಕೊಂಡಿದ್ದ ಮುದುಕಿ ಮುಂದೆ ಬಂದು, ತಡೆದಿಟ್ಟಿದ್ದನ್ನೆಲ್ಲ ತಮಿಳಿನಲ್ಲಿ ಒಂದೇ ಉಸಿರಿಗೆ ಸುರಿದಳು. ನನಗೆ ಅರ್ಧ ಸಿಕ್ಕಿತು, ಅರ್ಧ ಸಿಗಲಿಲ್ಲ. ಹಿರಿಯಾಕೆಗೆ ಪೂರ್ತಿ ಅರ್ಥವಾದಂತೆ ಕಂಡಿತು.

ಯುಗಾದಿಗೆ ಮುಂಚೆಯೇ ಆಯ್ಕೆಯಾದ ಸುದ್ದಿ ಬಂತು. ಸಂಘದಕ್ಕ ಗಾರ್ಮೆಂಟ್ಸಿನವರಿಗೆ ಫೋನು ಮಾಡಿ ಬರುವುದಿಲ್ಲ ಅಂತ ಹೇಳಿದ್ದು ನನ್ನ ಎದುರಿಗೇ. ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಡುವ ದಿನ ಗೊತ್ತಾಯಿತು. ಮಗಳು ಹಾಸ್ಟೆಲು ಸೇರಿದಳು. ಸಂಘದಕ್ಕನನ್ನು ಬೆಂಗಳೂರಿನ ತನಕ ಕರೆದುಕೊಂಡು ಹೋಗಿ ವಿಮಾನ ಹತ್ತಿಸುವುದೂ ನನ್ನ ವ್ಯವಸ್ಥೆಗೇ ಸೇರಿದ್ದರಿಂದ ಆ ಬೆಳಿಗ್ಗೆ ನಾನು ಊರಲ್ಲೇ ಇದ್ದೆ.

ಬಸ್ಸು ನಿಲ್ಲುವ ಕಡೆ ಎಲ್ಲರೂ ನೆರೆದಿದ್ದರು. ಟೀ ಅಂಗಡಿಯವನು ದುಡ್ಡು ತೆಗೆದುಕೊಳ್ಳದೆ ಟೀ ಕೊಟ್ಟ. ಯಾರೂ ಹೆಚ್ಚು ಮಾತಾಡಲಿಲ್ಲ, ಸಂಘದಕ್ಕ ಮಾತ್ರ ಮಂಗಳವಾರದ ಸಭೆ ತಪ್ಪಿಸಬೇಡಿ, ಆ ಅರ್ಜಿ ಏನಾಯಿತು ಅಂತ ಕೇಳಿ, ಈ ಮೀಟಿಂಗಿಗೆ ಹೋಗಿ ಅಂತ ಬಡಬಡಿಸುತ್ತಿದ್ದಳು. ಬಸ್ಸು ಬಂತು. ಹತ್ತಿ ಕೂತೆವು. ಅಧ್ಯಕ್ಷಜ್ಜಿ ಕಿಟಕಿಯ ಹತ್ತಿರ ಬಂದು, ಸರಳುಗಳ ನಡುವೆ ಕೈ ತೂರಿಸಿ ಅವಳ ಕೆನ್ನೆ ಮುಟ್ಟಿದರು.

"ನಾನ್ ಬಂದೇ ಬತ್ತೀನಿ ಅಜ್ಜೀ," ಅಂದಳು ಸಂಘದಕ್ಕ. "ವರ್ಸ ಕಳ್ಯೋದ್ರಲ್ಲಿ ಬತ್ತೀನಿ. ನಿಮ್ ಮ್ಯಾಲೆ ಆಣೆ."

"ಆಣೆಗೀಣೆ ಬ್ಯಾಡ ಮಗಾ," ಅಂದರು ಅಜ್ಜಿ. "ಅಲ್ಲಿ ಚೆನ್ನಾಗಿದ್ರೆ ಇದ್ಬುಡು. ನೀನ್ ಬರ್ದಿದ್ರೂ ಯಾರ್ ಬಂದ್ ಕೇಳುದ್ರೂ ಒಳ್ಳೋಳು ಅಂತ್ಲೇ ಯೋಳ್ತೀವಿ."

ಬಸ್ಸು ಹೊರಟಿತು. ಹನೂರು ಬರುವವರೆಗೂ ಸಂಘದಕ್ಕ ಅಜ್ಜಿ ಮುಟ್ಟಿದ ಕೆನ್ನೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.